ಕಿಡ್ನಿ ಕಸಿಯ ನಂತರ ಬಿಕೆ ವೈರಸ್ ಮೇಲೆ ಕಣ್ಣಿಡುವುದು ಹೇಗೆ

ಬೆಂಗಳೂರಿನಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡು ದಾವಣಗೆರೆಗೋ ಚಿತ್ರದುರ್ಗಕ್ಕೋ ಮರಳಿದವರ ಮನೆಯವರು ಜ್ವರ ಬಂತೇ, ಮೂತ್ರ ಕಡಿಮೆಯಾಯಿತೇ ಎಂದು ದಿನವೂ ಗಮನಿಸುತ್ತಾರೆ. ಆದರೆ ಬಿಕೆ ಪಾಲಿಯೋಮಾ ವೈರಸ್ ಸಾಮಾನ್ಯವಾಗಿ ಜ್ವರವನ್ನೂ ನೋವನ್ನೂ ತರದೆ ಹೊಸ ಕಿಡ್ನಿಯನ್ನು ಒಳಗಿನಿಂದ ಹಾಳುಮಾಡುತ್ತದೆ. ಅದನ್ನು ಸಕಾಲದಲ್ಲಿ ಪತ್ತೆಹಚ್ಚುವುದು ಮುಖ್ಯವಾಗಿ ರಕ್ತಪರೀಕ್ಷೆಯೇ. ತಮ್ಮನ ಕಸಿಯಾದ ಮೇಲೆ ಎರಡು ವರ್ಷ ಅವನ ಫೈಲು ಹಿಡಿದು ಓಡಾಡಿದವಳಾಗಿ, ಮೊದಲ ದಿನವೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎನಿಸಿದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಈ ವೈರಸ್ಸನ್ನು 1971ರಲ್ಲಿ ಕಿಡ್ನಿ ಕಸಿಯಾಗಿದ್ದ ರೋಗಿಯೊಬ್ಬರ ಮೂತ್ರದಲ್ಲಿ ಗುರುತಿಸಲಾಯಿತು. ಬಿಕೆ ಎಂಬುದು ಆ ರೋಗಿಯ ಹೆಸರಿನ ಮೊದಲಕ್ಷರಗಳು. ನಮ್ಮಲ್ಲಿ ಹೆಚ್ಚಿನವರಿಗೆ ಇದು ಬಾಲ್ಯದಲ್ಲೇ, ಬಹುಪಾಲು ಗೊತ್ತೇ ಆಗದಂತೆ ತಗುಲಿ, ಆಮೇಲೆ ಕಿಡ್ನಿಯಲ್ಲಿ ಮತ್ತು ಮೂತ್ರನಾಳದಲ್ಲಿ ಸುಮ್ಮನೆ ಉಳಿದುಬಿಡುತ್ತದೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಎಂದು ಕೊಡುವ ಔಷಧಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದಾಗ ಅದು ತಲೆಯೆತ್ತುತ್ತದೆ. ಆದ್ದರಿಂದ ಅಡುಗೆಮನೆ ಶುಚಿಯಾಗಿರಲಿಲ್ಲವೆಂದು ಮನೆಯಾಕೆಯನ್ನಾಗಲಿ, ಕಿಡ್ನಿ ಕೊಟ್ಟ ತಾಯಿಯನ್ನಾಗಲಿ ದೂರುವುದು ತೀರಾ ತಪ್ಪು.

ಡಿಸ್ಚಾರ್ಜ್ ಆಗುವ ದಿನವೇ ಬಿಕೆ ಪರೀಕ್ಷೆಯ ವೇಳಾಪಟ್ಟಿಯನ್ನು ಕೇಳಿ ಬರೆಸಿಕೊಳ್ಳಬೇಕು. ಮೊದಲ ಒಂಬತ್ತು ತಿಂಗಳು ಪ್ರತಿ ತಿಂಗಳು, ಆಮೇಲೆ ಎರಡು ವರ್ಷ ತುಂಬುವವರೆಗೆ ಮೂರು ತಿಂಗಳಿಗೊಮ್ಮೆ ಎಂಬುದು ಈಚಿನ ಮಾರ್ಗಸೂಚಿ. ನಿಮ್ಮ ವೈದ್ಯರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ. ಚೀಟಿಯಲ್ಲಿ ಬರೆದಿರುವುದು ರಕ್ತದ ಪರೀಕ್ಷೆಯೋ ಮೂತ್ರದ ಪರೀಕ್ಷೆಯೋ ನೋಡಿಕೊಳ್ಳಿ. ಮೂತ್ರದಲ್ಲಿ ವೈರಸ್ ಕಂಡ ಮಾತ್ರಕ್ಕೆ ಕಿಡ್ನಿಗೆ ಪೆಟ್ಟಾಗಿದೆ ಎಂದಲ್ಲ. ಚಿಕಿತ್ಸೆಯ ತೀರ್ಮಾನಗಳು ಮುಖ್ಯವಾಗಿ ರಕ್ತದ ಪಿಸಿಆರ್ (ವೈರಸ್ಸಿನ ಪ್ರಮಾಣ ಅಳೆಯುವ ಪರೀಕ್ಷೆ) ಫಲಿತಾಂಶದ ಮೇಲೆ ನಿಲ್ಲುತ್ತವೆ. ಊರಿನ ಲ್ಯಾಬಿನಲ್ಲಿ ರಕ್ತ ಕೊಡುವುದಾದರೆ ಮಾದರಿಯನ್ನು ಎಲ್ಲಿಗೆ ಕಳಿಸುತ್ತಾರೆ, ವರದಿ ಎಷ್ಟು ದಿನಕ್ಕೆ ಬರುತ್ತದೆ ಎಂದು ಮೊದಲೇ ವಿಚಾರಿಸಿ. ಒಂದು ಲ್ಯಾಬಿನ ಅಂಕಿಗೂ ಇನ್ನೊಂದರ ಅಂಕಿಗೂ ವ್ಯತ್ಯಾಸ ಬರುವುದುಂಟು, ಹಾಗಾಗಿ ಪ್ರತಿ ಸಲವೂ ಒಂದೇ ಕಡೆ ಮಾಡಿಸುವುದು ಒಳ್ಳೆಯದು.

ವರದಿಯಲ್ಲಿ ಒಂದು ಮಿಲಿಲೀಟರಿಗೆ ಎಷ್ಟು ವೈರಸ್ ಪ್ರತಿಗಳಿವೆ ಎಂಬ ಸಂಖ್ಯೆಯಿರುತ್ತದೆ, ಅದರ ಪಕ್ಕದಲ್ಲಿ ಕೆಲವೊಮ್ಮೆ ಲಾಗ್ ಲೆಕ್ಕವೂ ಇರುತ್ತದೆ. ಲಾಗ್ 3 ಎಂದರೆ 1,000, ಲಾಗ್ 4 ಎಂದರೆ 10,000. ನೋಡುವುದಕ್ಕೆ ಒಂದೇ ಅಂಕಿ ಏರಿದಂತಿದ್ದರೂ ವೈರಸ್ ಹತ್ತು ಪಟ್ಟಾಗಿರುತ್ತದೆ. ಕೆಲವು ವಾರಗಳ ಅಂತರದ ಎರಡು ಪರೀಕ್ಷೆಗಳಲ್ಲೂ 1,000ಕ್ಕಿಂತ ಹೆಚ್ಚಿದ್ದರೆ ವೈದ್ಯರು ಸಾಮಾನ್ಯವಾಗಿ ಔಷಧ ಹೊಂದಿಸಲು ಆರಂಭಿಸುತ್ತಾರೆ. 10,000 ದಾಟಿದರೆ ಕಿಡ್ನಿಗೆ ಹಾನಿ ಶುರುವಾಗಿರಬಹುದೆಂದು ಭಾವಿಸಿ ಅಗತ್ಯ ಕಂಡರೆ ಬಯಾಪ್ಸಿ (ಕಿಡ್ನಿಯ ಚಿಕ್ಕ ತುಣುಕು ತೆಗೆದು ನೋಡುವ ಪರೀಕ್ಷೆ) ಮಾಡಿಸುತ್ತಾರೆ. ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದಿನಾಂಕ, ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ತ್ಯಾಜ್ಯ), ಟ್ಯಾಕ್ರೋಲಿಮಸ್ (ತಿರಸ್ಕಾರ ತಡೆಯುವ ಔಷಧ) ಮಟ್ಟ, ಬಿಕೆ ಸಂಖ್ಯೆ, ಅಂದಿನ ಮಾತ್ರೆಯ ಪ್ರಮಾಣ ಎಂದು ಐದು ಕಾಲಂ ಮಾಡಿದ್ದೆ. ಮೆಕ್ಕೆಜೋಳದ ಕಟಾವಿನ ಗಡಿಬಿಡಿಯಲ್ಲಿ ಒಂದು ತಿಂಗಳು ನಾಲ್ಕನೆಯ ಕಾಲಂ ಖಾಲಿ ಉಳಿಯಿತು. ಮರುತಿಂಗಳ ವರದಿ ಲಾಗ್ 4 ದಾಟಿತ್ತು. ಆದರೆ ಅದೇ ಸಾಲಿನ ಕ್ರಿಯಾಟಿನಿನ್ 1.3ರಿಂದ ಕದಲಿರಲಿಲ್ಲ. ಕ್ರಿಯಾಟಿನಿನ್ ಸರಿಯಿದೆಯಲ್ಲ ಎಂದು ಸುಮ್ಮನಿರಬಾರದೆಂಬುದು ನನಗೆ ಆ ಪುಟ ನೋಡಿದಾಗ ಮನದಟ್ಟಾಯಿತು.

ಬಿಕೆ ವೈರಸ್ಸಿಗೆಂದೇ ಮಾನ್ಯತೆ ಪಡೆದ ಔಷಧ ಇಲ್ಲ. ಮೈಕೋಫಿನೋಲೇಟ್, ಟ್ಯಾಕ್ರೋಲಿಮಸ್ ಮುಂತಾದ ತಿರಸ್ಕಾರ ತಡೆಯುವ ಔಷಧಗಳ ಪ್ರಮಾಣವನ್ನು ತಗ್ಗಿಸಿ, ದೇಹವೇ ವೈರಸ್ಸನ್ನು ಹತ್ತಿಕ್ಕುವಂತೆ ಮಾಡುವುದೇ ಚಿಕಿತ್ಸೆ. ಹೆಚ್ಚು ತಗ್ಗಿಸಿದರೆ ದೇಹ ಕಿಡ್ನಿಯನ್ನೇ ತಿರಸ್ಕರಿಸಬಹುದಾದ್ದರಿಂದ, ಸಂಖ್ಯೆ ಏರಿದ್ದು ಕಂಡು ಗಾಬರಿಯಿಂದ ಒಂದೇ ಒಂದು ಮಾತ್ರೆಯನ್ನೂ ನೀವಾಗಿ ಬಿಡಬೇಡಿ. ಟ್ಯಾಕ್ರೋಲಿಮಸ್ ಮಟ್ಟ ನೋಡಲು ರಕ್ತವನ್ನು ಬೆಳಗಿನ ಮಾತ್ರೆಗೆ ಮುಂಚೆ ಕೊಡಬೇಕು. ದಿನಕ್ಕೆ ಎರಡು ಹೊತ್ತು ನುಂಗುವವರಾದರೆ ರಾತ್ರಿಯ ಮಾತ್ರೆಯಿಂದ ಸುಮಾರು 12 ಗಂಟೆ ಕಳೆದಿರಬೇಕು. ನಸುಕಿನ ಬಸ್ಸಿಗೆ ಬೆಂಗಳೂರಿಗೆ ಹೊರಡುವವರು ಅಭ್ಯಾಸಬಲದಿಂದ ಮನೆಯಲ್ಲೇ ಮಾತ್ರೆ ನುಂಗಿಬಿಡುತ್ತಾರೆ, ಆಗ ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ. ಮಾತ್ರೆಯನ್ನು ಚೀಲದಲ್ಲಿಟ್ಟುಕೊಂಡು, ರಕ್ತ ಕೊಟ್ಟ ಕೂಡಲೇ ನುಂಗಿ. ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್, ಫ್ಲೂಕೊನಜೋಲ್ ಎಂಬ ಶಿಲೀಂಧ್ರದ ಔಷಧ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಚಕ್ಕೋತ ಹಣ್ಣನ್ನೂ ದೂರವಿಡುವುದು ಕ್ಷೇಮ. ಮೆಡಿಕಲ್ ಶಾಪಿನಲ್ಲಿ ಏನೇ ಕೊಳ್ಳುವ ಮುನ್ನ ಕಸಿ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ.

ಇದೇ ಕುಟುಂಬದ ಜೆಸಿ ವೈರಸ್ ಮಿದುಳಿಗೆ ಹಾನಿ ಮಾಡುತ್ತದೆ. ಆ ಹಾನಿ ಅಪರೂಪ, ಆದರೆ ಗಂಭೀರ. ಕಸಿಯಾದವರಲ್ಲಿ, ಎಚ್‌ಐವಿ ಇರುವವರಲ್ಲಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೆ ನಟಾಲಿಜುಮ್ಯಾಬ್ ಎಂಬ ಔಷಧ ಪಡೆಯುವವರಲ್ಲಿ ದಿನಗಳು ಅಥವಾ ವಾರಗಳ ಅವಧಿಯಲ್ಲಿ ಒಂದು ಕೈಕಾಲು ಸೋಲುವುದು, ಮಾತು ತೊದಲುವುದು, ನೋಟ ಮಸುಕಾಗುವುದು ಕಂಡರೆ ಸುಸ್ತೆಂದು ತಳ್ಳಿಹಾಕದೆ ನರರೋಗ ತಜ್ಞರಿಗೆ ತೋರಿಸಿ.

ಎರಡು ವರ್ಷ ಮುಗಿದ ಮೇಲೂ ಆ ನೋಟ್‌ಬುಕ್ಕನ್ನು ಅಟ್ಟಕ್ಕೆ ಹಾಕಬೇಡಿ. ಕಾರಣವಿಲ್ಲದೆ ಕ್ರಿಯಾಟಿನಿನ್ ಏರಿದರೆ, ಅಥವಾ ತಿರಸ್ಕಾರಕ್ಕೆ ಚಿಕಿತ್ಸೆಯಾಗಿ ಔಷಧ ಹೆಚ್ಚಿಸಿದರೆ, ಬಿಕೆ ಪರೀಕ್ಷೆ ಮತ್ತೆ ಮಾಡಿಸಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ.