ಕಾಯಿಲ್ ಸುಟ್ಟ ಮೇಲೆ ಬಿದ್ದ ಗೋಲು: ನನ್ನ ಅನುಭವ

ಇಳಿಜಾರು ಹಲಗೆ ಮೇಲೆ ಉಕ್ಕಿನ ಗುಂಡು ಹೊಡೆದು ಆಡುವ ಪಿನ್‌ಬಾಲ್ ಯಂತ್ರವೊಂದನ್ನು, ಫುಟ್‌ಬಾಲ್ ಗೋಲಿನ ಸಮೇತ, ನಾನೇ ಕಟ್ಟಿದೆ. ಕಳೆದ ಭಾನುವಾರ ನಮ್ಮ ಓಣಿಯ ಹುಡುಗರು ಸಾಲು ಹಚ್ಚಿ ಅದರಲ್ಲಿ ಎರಡೂವರೆ ತಾಸು ಆಡಿದರು. ಒಂದು ಕಾಯಿಲ್ (ಕರೆಂಟ್ ಕೊಟ್ಟರೆ ಆಯಸ್ಕಾಂತವಾಗುವ ತಂತಿಯ ಸುರುಳಿ) ಕೂಡ ಬಿಸಿಯಾಗಲಿಲ್ಲ. ‘ಬೆಳಗಾವಿಯಲ್ಲಿ ಪಿನ್‌ಬಾಲ್ ಆಗೋದಿಲ್ಲ, ಸುಮ್ನೆ ದುಡ್ಡು ಹಾಳು’ ಅಂದಿದ್ದ ಗೆಳೆಯರೂ ಆ ಸಾಲಿನಲ್ಲೇ ನಿಂತಿದ್ದರು.

ನಾನು ಕಣ್ಣಮುಂದೆ ಇಟ್ಟುಕೊಂಡದ್ದು ಅಮೆರಿಕದ ಬ್ಯಾಲಿ ಕಂಪನಿಯ 1994ರ ಪಿನ್‌ಬಾಲ್ ಯಂತ್ರ, ವರ್ಲ್ಡ್ ಕಪ್ ಸಾಕರ್. ಜಾನ್ ಪೊಪಾಡಿಯುಕ್, ಲ್ಯಾರಿ ಡಿಮಾರ್ ಅವರ ವಿನ್ಯಾಸ. ತಿರುಗುವ ಫುಟ್‌ಬಾಲ್, ಗುಂಡು ಹಿಡಿಯುವ ಆಯಸ್ಕಾಂತ ಎಲ್ಲಾ ಇದೆ. ನನಗೆ ಬೇಕಿದ್ದದ್ದು ಮಾತ್ರ ಗೋಲಿನ ಮುಂದೆ ಎಡಬಲ ಓಡಾಡುವ ಆ ಕೀಪರ್.

ಜಾಸ್ತಿ ದುಡ್ಡು ತಿಂದದ್ದು ಫ್ಲಿಪ್ಪರ್, ಅಂದರೆ ಬಟನ್ ಒತ್ತಿದರೆ ಗುಂಡನ್ನು ಹೊಡೆಯುವ ಪುಟ್ಟ ಕೈ. ಅದನ್ನು ಎಳೆಯುವ ಕಾಯಿಲ್‌ಗೆ 48 ವೋಲ್ಟ್ ಕೊಟ್ಟೆ, ಗುಂಡು ಚೆನ್ನಾಗಿ ಹಾರಿತು. ಆದರೆ ಒಬ್ಬ ಹುಡುಗ ಬಟನ್ ಒತ್ತಿ ಹಿಡಿದೇ ನಿಂತ. ಮೊದಲು ವಾರ್ನಿಶ್ ವಾಸನೆ, ಆಮೇಲೆ ಹೊಗೆ. ಹಳೇ ಯಂತ್ರಗಳಂತೆ ಹೊಡೆಯಲು ಒಂದು, ಎತ್ತಿ ಹಿಡಿಯಲು ಒಂದು ಅಂತ ಕಾಯಿಲ್‌ಗೆ ಎರಡು ತಂತಿ ಸುತ್ತು ಹಾಕಿಸೋಣ ಎಂದು ಉದ್ಯಮಬಾಗದ ರಿವೈಂಡಿಂಗ್ ಅಂಗಡಿಗೆ ಹೋದೆ. ಎರಡು ಸಲ ತಂತಿ ಅದಲುಬದಲಾಯಿತು. ಕೊನೆಗೆ ಒಂದೇ ಸುತ್ತು ಇಟ್ಟು, 40 ಮಿಲಿಸೆಕೆಂಡ್ ಪೂರ್ತಿ ಕರೆಂಟ್, ಆಮೇಲೆ ಪಿಡಬ್ಲ್ಯುಎಮ್‌ನಲ್ಲಿ (ಕರೆಂಟನ್ನು ಬೇಗ ಬೇಗ ಆನ್-ಆಫ್ ಮಾಡಿ ತಗ್ಗಿಸುವ ವಿಧಾನ) ಹತ್ತನೇ ಒಂದು ಪಾಲು. ಅಷ್ಟಕ್ಕೇ ಸರಿಹೋಯಿತು! ಅಷ್ಟರಲ್ಲಿ ಆರೇಳು ಕಾಯಿಲ್, ಕರೆಂಟ್ ಆನ್-ಆಫ್ ಮಾಡುವ ನಾಲ್ಕು ಮಾಸ್ಫೆಟ್ ಹೋಗಿದ್ದವು. ಒಟ್ಟು ಖರ್ಚು ಮೂವತ್ತೆಂಟು ಸಾವಿರದ ಆಸುಪಾಸು, ಅದರಲ್ಲಿ ಮೂರನೇ ಒಂದು ಪಾಲು ಬರೀ ಸುಟ್ಟದ್ದು.

ಕೀಪರ್‌ಗೆ ಗುಜರಿಯ ವೈಪರ್ ಮೋಟಾರ್, ಒಂದು ಕ್ರ್ಯಾಂಕ್. 27 ಮಿಮೀ ಉಕ್ಕಿನ ಗುಂಡು, 80 ಗ್ರಾಂ ತೂಕ, ಕೀಪರ್‌ನ ಮೊಣಕಾಲಿಗೆ ಬಡಿದಾಗ ಪೆಟ್ಟು ನೇರ ಗೇರಿಗೆ ಹೋಗುತ್ತಿತ್ತು. ಎರಡನೇ ದಿನಕ್ಕೇ ಹಲ್ಲು ಮುರಿಯಿತು. ನಡುವೆ ಬೈಕಿನ ರಬ್ಬರ್ ಬುಷ್ ಹಾಕಿದೆ. ಈಗ ಗುಂಡು ಬಡಿದರೆ ಕೀಪರ್ ತುಸು ಹಿಂದೆ ವಾಲಿ ಮತ್ತೆ ನೆಟ್ಟಗಾಗುತ್ತಾನೆ, ಜೀವ ಇದ್ದವನ ಹಾಗೆ. ಬುಷ್ ಎಲ್ಲಿ ಕೂರಿಸಿದೆ, ಎಷ್ಟು ಕೊರೆದೆ ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಪ್ರಯೋಗ ಮಾಡಿದೆ. ಹಲಗೆ ಮೇಲೆ ಕೇರಂ ಪೌಡರ್ ಉದುರಿಸಿದೆ. ಒಂದು ತಾಸಿನಲ್ಲಿ ಪುಡಿಯೆಲ್ಲಾ ಸ್ವಿಚ್ ಸಂದಿಗೆ ಇಳಿದು ಗೋಲ್ ಎಣಿಕೆ ನಿಂತಿತು. ವೇಗ ಬೇಕಾದರೆ ಇಳಿಜಾರು ನೋಡಿಕೊಳ್ಳಿ. ನಾಲ್ಕು ಡಿಗ್ರಿ ಸಾಲದು, ಆರೂವರೆ ಬೇಕೇ ಬೇಕು. ಗೋಲಿನಲ್ಲಿ ಮೊದಲು ಐಆರ್ ಸೆನ್ಸರ್ (ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಿಂದ ಗುಂಡನ್ನು ಗುರುತಿಸುವುದು) ಇಟ್ಟಿದ್ದೆ. ಸಂಜೆ ಬಿಸಿಲು ಕಿಟಕಿಯಿಂದ ಬಂದರೆ ತಾನೇ ಗೋಲು ಕೊಡುತ್ತಿತ್ತು. ಅದನ್ನು ಕಿತ್ತು, ಗುಂಡು ತಗುಲಿದರೆ ಎರಡು ಲೋಹದ ಪಟ್ಟಿ ಕೂಡುವ ಲೀಫ್ ಸ್ವಿಚ್ ಹಾಕಿದೆ.

ಇನ್ನು ತಿರುಗುವ ಫುಟ್‌ಬಾಲ್. ಎರಡನೇ ವೈಪರ್ ಮೋಟಾರ್ ತಂದಾಗಿದೆ, ನಾಲ್ಕುನೂರ ಐವತ್ತಕ್ಕೆ.