ಪಾಠವಿಲ್ಲದ ಕೋಣೆ

ಮಾತಿನ ಚಿಕಿತ್ಸೆ ಕೊಡುವುದು ನನಗೆ ಬರುತ್ತಿತ್ತು. ಕೊಡದೆ ಕೂರುವುದನ್ನು ಹೊಸದಾಗಿ ಕಲಿಯಬೇಕಾಯಿತು.

ಮಲೆನಾಡಿನ ಆಸ್ಪತ್ರೆಯೊಂದರಲ್ಲಿ ನಾನು ಮನೋವಿಜ್ಞಾನಿ. ಬೈಪೋಲಾರ್ ಕಾಯಿಲೆಗೆ ಮಾತ್ರೆ ನುಂಗುತ್ತ, ಸದ್ಯಕ್ಕೆ ಉನ್ಮಾದವೂ ಖಿನ್ನತೆಯೂ ಇಲ್ಲದೆ ಇರುವವರನ್ನು ಒಟ್ಟಿಗೆ ಕೂರಿಸಿ ಕಾಯಿಲೆಯ ತಿಳಿವಳಿಕೆ ಕೊಟ್ಟರೆ, ಅದು ಮರಳಿ ಬರುವುದು ತಡವಾದೀತೇ ಎಂದು ಸಣ್ಣ ಪ್ರಮಾಣದಲ್ಲಿ ನೋಡಲು ಹೊರಟೆವು. ಮೇಲ್ಪಂಕ್ತಿ ಬಾರ್ಸಿಲೋನಾದ್ದು. ಅಲ್ಲಿ ಕೊಲೊಮ್, ವಿಯೆಟಾ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 120 ಜನರಿದ್ದರು. ಅರ್ಧ ಜನಕ್ಕೆ 21 ಪಾಠಗಳು, ಉಳಿದರ್ಧಕ್ಕೆ ಪಾಠವಿಲ್ಲದ ಬರೀ ಕೂಟ, ಔಷಧ ಎಲ್ಲರಿಗೂ. ಪಾಠ ಕೇಳಿದವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ. ಆ ಬರೀ ಕೂಟವೇ ಅಧ್ಯಯನದ ಜೀವ. ಅದಿಲ್ಲದಿದ್ದರೆ ಚಹಾ, ಜೊತೆ, ವಾರಕ್ಕೊಮ್ಮೆ ಮನೆಯಿಂದ ಹೊರಬೀಳುವ ನೆಪ, ಇವುಗಳ ಪುಣ್ಯವೆಲ್ಲ ಪಾಠದ ಲೆಕ್ಕಕ್ಕೆ ಜಮೆಯಾಗುತ್ತಿತ್ತು.

ಮಾತ್ರೆಯಾದರೆ ಅದೇ ಬಣ್ಣದ ಹುಸಿ ಮಾತ್ರೆ ಮಾಡಿಸಬಹುದು. ಪಾಠ ಸಿಕ್ಕಿತೋ ಇಲ್ಲವೋ ಎಂಬುದು ಕೇಳಿದವರಿಗೂ ಗೊತ್ತು, ನನಗೂ ಗೊತ್ತು. ಗೊತ್ತಿರಬಾರದ ಒಬ್ಬರೆಂದರೆ ಯಂಗ್ ಉನ್ಮಾದ ಮಾಪಕದ 11 ಅಂಶಗಳಿಗೆ ಅಂಕ ಹಾಕುವ ಸಹೋದ್ಯೋಗಿ. ಮೂರನೆಯ ವಾರವೇ ಒಬ್ಬರು ಅವರ ಮುಂದೆ ಕೂತು, "ನಿದ್ದೆಯ ಪಟ್ಟಿ ತುಂಬಿಸಿ ತಂದಿದ್ದೇನೆ ಮೇಡಂ, ನೋಡುತ್ತೀರಾ?" ಎಂದುಬಿಟ್ಟರು. ಗುಟ್ಟು ರಟ್ಟಾಯಿತು. ಪಟ್ಟಿ ತಂದವರ ಮುಂದಿನ ಸಂದರ್ಶನಗಳನ್ನು ಬೇರೆಯವರಿಗೆ ವಹಿಸಿದೆವು.

ಸೇರಿಸಿಕೊಳ್ಳುವ ಮೊದಲು ಹಿಂದೆ ಎಷ್ಟು ಸಲ ಕಾಯಿಲೆ ಬಂದಿತ್ತು ಎಂದು ಎಣಿಸಿದೆವು. ಕಾರಣವಿತ್ತು. ಬ್ರಿಟನ್ನಿನಲ್ಲಿ ಜಾನ್ ಸ್ಕಾಟ್ ತಂಡ 253 ಜನರ ಮೇಲೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯನ್ನು ಪರೀಕ್ಷಿಸಿ 2006ರಲ್ಲಿ ವರದಿ ಮಾಡಿದಾಗ ಒಟ್ಟಾರೆ ಲಾಭ ಕಂಡಿರಲಿಲ್ಲ. ಹನ್ನೆರಡಕ್ಕಿಂತ ಕಡಿಮೆ ಸಲ ಕಾಯಿಲೆ ಬಂದವರಿಗೆ ಮಾತ್ರ ಉಪಯೋಗವಾದಂತಿತ್ತು. ನಮ್ಮಲ್ಲಿ ಇಸವಿ ಕೇಳಿದರೆ ಉತ್ತರ ಬರುತ್ತಿರಲಿಲ್ಲ. "ತೋಟಕ್ಕೆ ಕೊಳೆರೋಗ ಬಂದ ವರ್ಷ", "ದೊಡ್ಡ ಮಗಳ ಮದುವೆಯಾದ ಮಳೆಗಾಲ" ಎಂದು ಮನೆಯವರು ಹೇಳುತ್ತ ಹೋದಂತೆ ನಾವು ಗೆರೆ ಎಳೆದು ಗುರುತು ಹಾಕಿಕೊಂಡೆವು. ಒಬ್ಬೊಬ್ಬರಿಗೆ ಅರ್ಧ ದಿನ ಹಿಡಿಯಿತು.

ಪಾಠದ ಕೋಣೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಉನ್ಮಾದ ಏರುವ ಮುನ್ನ ತನ್ನಲ್ಲಿ ಏನು ಬದಲಾಗುತ್ತದೆ ಎಂದು ಪ್ರತಿಯೊಬ್ಬರೂ ಪಟ್ಟಿ ಮಾಡಬೇಕು. ಒಬ್ಬರಿಗೆ ನಡುರಾತ್ರಿ ನೆಂಟರಿಗೆಲ್ಲ ಫೋನ್ ಮಾಡುವ ಹುಕಿ, ಇನ್ನೊಬ್ಬರಿಗೆ ಕೊಟ್ಟಿಗೆಯನ್ನೇ ಕೆಡವಿ ಕಟ್ಟುವ ಯೋಜನೆ. ನಿದ್ದೆ ಕೆಟ್ಟರೆ ಉನ್ಮಾದ ಕೆರಳಬಹುದು ಎಂದು ನಾನು ಹೇಳಿದಾಗ ಯಕ್ಷಗಾನದ ಹುಚ್ಚಿದ್ದ ಹಿರಿಯರೊಬ್ಬರಿಗೆ ಸಿಟ್ಟು ಬಂತು. ಕೊನೆಗೆ, ಬೆಳಗಿನವರೆಗೆ ನಡೆಯುವ ಆಟವಾದರೆ ಮೊದಲ ಪ್ರಸಂಗ ನೋಡಿ ಮನೆಗೆ ಬರುವುದೆಂದು ಅವರೇ ರಾಜಿಯಾದರು.

ಪಾಠವಿಲ್ಲದ ಕೋಣೆಯಲ್ಲಿ ಅಡಿಕೆ ಧಾರಣೆ, ಬಸ್ಸು, ಸೊಸೆಯಂದಿರು, ಏನು ಬೇಕಾದರೂ ಮಾತಾಡಬಹುದು. ಕಾಯಿಲೆಯ ಮಾತು ಬಂದರೆ ನಾನು ಕೇಳಿಸಿಕೊಳ್ಳಬೇಕು, ಕಲಿಸಬಾರದು. ಒಂದು ಮಂಗಳವಾರ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದವರೇ, ನಾಲ್ಕು ದಿನದಿಂದ ಮೂರು ತಾಸು ಮಲಗಿದರೆ ಸಾಕಾಗುತ್ತಿದೆ, ಮೈಯೆಲ್ಲ ಹಗುರ, ಮನೆಯ ಹಂಡೆ ಚೊಂಬುಗಳನ್ನೆಲ್ಲ ಬೆಳಗಿಟ್ಟೆ ಎಂದರು. ಉಳಿದವರು ಹೊಗಳಿದರು. ಪಕ್ಕದ ಕೋಣೆಯಲ್ಲಾಗಿದ್ದರೆ ಅದೇ ಅಂದಿನ ಪಾಠವಾಗುತ್ತಿತ್ತು. ನಾನು ಚಹಾ ಲೋಟ ಹಿಡಿದುಕೊಂಡು ಕೂತೆ.

ಇಂಥ ಗಳಿಗೆಗೆಂದೇ ಮೊದಲೇ ಒಂದು ನಿಯಮ ಬರೆದಿಟ್ಟಿದ್ದೆವು: ಅಪಾಯದ ಸುಳಿವು ಕಂಡರೆ ಗುಂಪು ಯಾವುದೇ ಇರಲಿ, ಅದೇ ದಿನ ಮನೋವೈದ್ಯರಿಗೆ ತಿಳಿಸಬೇಕು. ಕೂಟ ಮುಗಿಯುತ್ತಲೇ ಅವರನ್ನು ವೈದ್ಯರ ಬಳಿ ಕರೆದೊಯ್ದೆ. ಮಾತ್ರೆಯ ಪ್ರಮಾಣ ಬದಲಾಯಿತು. ನಮ್ಮ ಲೆಕ್ಕದಲ್ಲಿ ಅದೂ ಒಂದು ಮರುಕಳಿಕೆಯೆಂದೇ ದಾಖಲಾಯಿತು. ನಿಯಮದ ಪ್ರಕಾರ ನಡೆದುಕೊಂಡಿದ್ದೆ, ಆದರೂ ಆ ರಾತ್ರಿ ನನಗೇ ನಿದ್ದೆ ಬರಲಿಲ್ಲ.

ಅಧ್ಯಯನ ಮುಗಿದ ಮೇಲೆ, ಮಾತು ಕೊಟ್ಟಿದ್ದಂತೆ, ಎರಡನೆಯ ಗುಂಪಿಗೂ ಪಾಠ ಮಾಡಿದೆವು. ನಿದ್ದೆಯ ಪಾಠದ ದಿನ ಆ ಹೆಂಗಸು ನಡುವೆಯೇ ಕೈಯೆತ್ತಿದರು.

"ಪಾತ್ರೆ ಬೆಳಗಿದ ದಿನವೇ ಇದು ನಿಮಗೆ ಗೊತ್ತಿತ್ತಲ್ಲ ಡಾಕ್ಟರೇ?"

ಹೌದು ಎಂದೆ.