ಮಗು ರಜೆಗೆ ಹೋದ ತಿಂಗಳಿನ ಫೀಸ್, ನಾನು ಲೆಕ್ಕ ಹಾಕುದು ಹೀಗೆ

"ಟೀಚರೇ, ಎರಡು ತಿಂಗಳು ಮಗು ಬರುದೇ ಇಲ್ಲ, ಮತ್ತೆ ಫೀಸ್ ಯಾಕೆ ಕೊಡ್ಬೇಕು?"

ಮಾರ್ಚ್ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರ್ತದೆ. ನಾನು ಕಾಸರಗೋಡಿನ ವಿದ್ಯಾನಗರದ ಹತ್ತಿರ ಒಂದು ಬಾಡಿಗೆ ಮನೆಯ ಕೆಳಗಿನ ಭಾಗದಲ್ಲಿ ಸಣ್ಣ ಮಕ್ಕಳ ಡೇ ಕೇರ್ ನಡೆಸ್ತಾ ಇದ್ದೇನೆ. ಬೆಳಿಗ್ಗೆ ಪ್ಲೇ ಸ್ಕೂಲ್ ತರ ಹಾಡು, ಕಥೆ, ಬಣ್ಣ, ಮಧ್ಯಾಹ್ನ ಊಟ ನಿದ್ರೆ, ಸಂಜೆ ಮನೆಯವರು ಬರುವವರೆಗೆ ಆಟ. ಕಲೆಕ್ಟರೇಟಿನಲ್ಲಿ ಕೆಲಸ ಮಾಡುವವರು, ಬ್ಯಾಂಕಿನವರು, ಶಾಲೆ ಟೀಚರುಗಳು, ಗಂಡ ಗಲ್ಫಿನಲ್ಲಿದ್ದು ಇಲ್ಲಿ ಒಬ್ರೇ ಕೆಲಸಕ್ಕೆ ಹೋಗುವ ಅಮ್ಮಂದಿರು, ಇವರ ಮಕ್ಕಳೇ ಹೆಚ್ಚು. ಕೇಳುವವರ ಮೇಲೆ ನಂಗೆ ಸಿಟ್ಟು ಬರುದಿಲ್ಲ, ತಿಂಗಳಿಗೆ ಅಷ್ಟು ದುಡ್ಡು ತೆಗೆದಿಡುವ ಮನೆಯಲ್ಲಿ ಯಾರಾದ್ರೂ ಕೇಳ್ಲೇ ಬೇಕಾದ ಪ್ರಶ್ನೆ ಅದು. ಉತ್ತರ ಕೊಡುವವರ ಹತ್ರ ಲೆಕ್ಕ ಇರ್ಬೇಕು ಅಷ್ಟೆ, "ನಮ್ಮ ರೂಲ್ಸ್ ಹಾಗೆ" ಅಂತ ಹೇಳಿ ಬಾಯಿ ಮುಚ್ಚಿಸಿದ್ರೆ ಅದು ಉತ್ತರ ಆಗುದಿಲ್ಲ.

ನಮ್ಮಲ್ಲಿ ಫೀಸ್ 3500. ಅಡ್ಮಿಶನ್ ದಿನವೇ ಅದನ್ನು ಎರಡು ಭಾಗ ಮಾಡಿ ಒಂದು ಹಾಳೆಯಲ್ಲಿ ಬರೆದು ಕೊಡ್ತೇನೆ, ಕನ್ನಡದಲ್ಲೂ ಮಲಯಾಳದಲ್ಲೂ. 600 ಊಟ ತಿಂಡಿಗೆ, ಉಳಿದ 2900 ಜಾಗಕ್ಕೆ ಮತ್ತು ಜನಕ್ಕೆ. ಈ ಎರಡು ಭಾಗ ಯಾಕೆ ಅಂದ್ರೆ ಒಂದು ಮಗು ಬಾರದ ದಿನ ನಿಜವಾಗ್ಲೂ ಉಳಿಯುದು ಮೊದಲನೇ ಭಾಗ ಮಾತ್ರ. ನಮ್ಮ ಆಯಮ್ಮ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಹೊರಗೆ ಮೆಟ್ಟಿಲ ಹತ್ರ ಬಂದು ಸಣ್ಣ ಸಣ್ಣ ಚಪ್ಪಲಿ ಜೊತೆ ಎಷ್ಟು ಉಂಟು ಅಂತ ನೋಡ್ತಾರೆ, ಅದರ ಮೇಲೆಯೇ ಗಂಜಿಗೆ ಎಷ್ಟು ಕುಡ್ತೆ ಅಕ್ಕಿ, ಎಷ್ಟು ಹೆಸರುಕಾಳು, ಹತ್ತು ಗಂಟೆಗೆ ಕೊಡ್ಲಿಕ್ಕೆ ಎಷ್ಟು ನೇಂದ್ರ ಬಾಳೆಹಣ್ಣು ಬೇಯಿಸುದು ಅಂತ ಆಗುದು. ಚಪ್ಪಲಿ ಕಮ್ಮಿ ಇದ್ರೆ ಅಕ್ಕಿ ಕಮ್ಮಿ. ಆದ್ರೆ ಚಪ್ಪಲಿ ಕಮ್ಮಿ ಉಂಟು ಅಂತ ಆಯಮ್ಮನ ಸಂಬಳ ಕಮ್ಮಿ ಮಾಡ್ಲಿಕ್ಕೆ ಆಗುದಿಲ್ಲ, ನನ್ನ ಜೊತೆ ಇರುವ ಟೀಚರಿನದ್ದೂ ಆಗುದಿಲ್ಲ, ಮನೆ ಓನರ್ ಐದನೇ ತಾರೀಕಿಗೆ ಬಾಡಿಗೆ ಕೇಳುವಾಗ ಎಷ್ಟು ಮಕ್ಕಳು ಬಂದಿದ್ರು ಅಂತ ಕೇಳುದಿಲ್ಲ. ಮನೆಗೆ ಬೀಗ ಹಾಕಿ ತಿಂಗಳು ಊರಿಗೆ ಹೋದ್ರೂ ಬಾಡಿಗೆ ಕೊಡ್ತೇವಲ್ಲ, ಈ 2900 ಹಾಗೆ ಅಂತ ಹೇಳಿದ್ರೆ ಹೆಚ್ಚಿನವರಿಗೆ ಅರ್ಥ ಆಗ್ತದೆ.

ಇನ್ನು ರಜೆಯ ಲೆಕ್ಕ. ಹದಿನೈದು ದಿನದ ಒಳಗಿನ ರಜೆಗೆ, ಅಂದ್ರೆ ಮದುವೆ, ಭೂತಕೋಲ, ಓಣಂ, ಅಜ್ಜಿ ಮನೆ, ಇಂಥದ್ದಕ್ಕೆಲ್ಲ ಏನೂ ಕಮ್ಮಿ ಇಲ್ಲ. ಹದಿನೈದು ದಿನ ದಾಟಿದ್ರೆ ಆ ದಿನಗಳ ಊಟದ ದುಡ್ಡು ಮುಂದಿನ ತಿಂಗಳಿಗೆ ವಜಾ. ಪೂರ್ತಿ ಒಂದು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಹೋಗುದಾದ್ರೆ, ಮತ್ತೆ ಹದಿನೈದು ದಿನ ಮುಂಚೆ ವಾಟ್ಸಾಪಿನಲ್ಲಾದ್ರೂ ಒಂದು ಮೆಸೇಜ್ ಹಾಕಿ ತಿಳಿಸಿದ್ರೆ, ಊಟದ 600 ಕೊಡುದೇ ಬೇಡ, 2900ರಲ್ಲಿ ಅರ್ಧ ಮಾತ್ರ, 1450 ರೂಪಾಯಿ, ಅದನ್ನು ನಾವು ಸೀಟ್ ಹಣ ಅಂತ ಹೇಳುದು.

ಅರ್ಧ ಯಾಕೆ, ಪೂರ್ತಿ ಯಾಕಲ್ಲ, ಅಥವಾ ಸೊನ್ನೆ ಯಾಕಲ್ಲ ಅಂತ ಕೇಳ್ಬಹುದು. ಪೂರ್ತಿ ಕೇಳಿದ್ರೆ ಮನೆಯವರು ಹೆಸರು ತೆಗೆಸಿ ಹೋಗ್ತಾರೆ, ಜೂನಿನಲ್ಲಿ ಶಾಲೆ ತೆರೆಯುವಾಗ ವಾಪಸ್ ಬಂದು ನೋಡಿದ್ರೆ ಇಲ್ಲಿ ಸೀಟ್ ಇಲ್ಲ, ಅವರಿಗೂ ಕಷ್ಟ, ಪರಿಚಯದ ಮುಖಗಳನ್ನು ಬಿಟ್ಟು ಇನ್ನೊಂದು ಕಡೆ ಹೋಗಿ ಕೂರುವ ಮಗುವಿಗೆ ಅದಕ್ಕಿಂತ ಕಷ್ಟ. ಸೊನ್ನೆ ಮಾಡಿದ್ರೆ ಆ ಖರ್ಚು ಎಲ್ಲಿಗೂ ಹೋಗುದಿಲ್ಲ, ಉಳಿದ ಮಕ್ಕಳ ಫೀಸಿಗೆ ಬಂದು ಸೇರ್ತದೆ. ವರ್ಷ ಇಡೀ ರಜೆ ಇಲ್ಲದೆ ಮಗುವನ್ನು ಕಳಿಸುವ ಅಮ್ಮಂದಿರು ನಮ್ಮಲ್ಲಿದ್ದಾರೆ, ಬಟ್ಟೆ ಅಂಗಡಿಯಲ್ಲಿ ನಿಲ್ಲುವವರು, ಲ್ಯಾಬಿನಲ್ಲಿ ಕೆಲಸ ಮಾಡುವವರು, ಅವರಿಗೆ ಎಪ್ರಿಲ್ ಮೇ ಅಂತ ಬೇರೆ ಇಲ್ಲ. ದುಬೈಗೆ ಹೋದ ಮಗುವಿನ ಸೀಟಿನ ಖರ್ಚನ್ನು ಎಲ್ಲೂ ಹೋಗದ ಮಗುವಿನ ಅಮ್ಮ ಕೊಡುದು ನಂಗೆ ಸರಿ ಕಾಣುದಿಲ್ಲ. ಅರ್ಧದ ನಷ್ಟ ನಾನು ಸಹಿಸ್ತೇನೆ, ಅರ್ಧ ನೀವು ಕೊಡಿ ಅಂತ ಬಾಯಿ ಬಿಟ್ಟೇ ಹೇಳ್ತೇನೆ.

ನಮ್ಮ ಊರಿನಲ್ಲಿ ಇದಕ್ಕೆ ಇನ್ನೊಂದು ದಾರಿಯೂ ಉಂಟು, ಅದನ್ನು ಹೇಳ್ಲೇ ಬೇಕು. ಕೇರಳದ ಶಾಲೆಗಳಿಗೆ ಎಪ್ರಿಲ್ ಮೇ ರಜೆ, ಹಾಗಾಗಿ ಟೀಚರುಗಳ ಮಕ್ಕಳು ಆ ಎರಡು ತಿಂಗಳು ಬರುದಿಲ್ಲ, ಅಮ್ಮ ಮನೆಯಲ್ಲೇ ಇರ್ತಾರಲ್ಲ. ಅದೇ ಹೊತ್ತಿಗೆ ಕಲೆಕ್ಟರೇಟಿನವರದ್ದು ಬ್ಯಾಂಕಿನವರದ್ದು ಉಲ್ಟಾ ಸಮಸ್ಯೆ, ಒಂದನೇ ಎರಡನೇ ಕ್ಲಾಸಿಗೆ ಹೋಗುವ ಅವರ ದೊಡ್ಡ ಮಗುವಿಗೆ ಶಾಲೆ ಇಲ್ಲ, ಮನೆಯಲ್ಲಿ ನೋಡ್ಲಿಕ್ಕೆ ಜನ ಇಲ್ಲ. ಈ ಮಕ್ಕಳನ್ನು ನಾನು ಎರಡು ತಿಂಗಳ ಮಟ್ಟಿಗೆ ಸೇರಿಸಿಕೊಳ್ತೇನೆ. ಜುಲೈ ಆಗಸ್ಟಿನಲ್ಲಿ ಮತ್ತೊಂದು ಗುಂಪು, ಗಲ್ಫಿನಲ್ಲಿ ಆಗ ಬೇಸಿಗೆ ರಜೆ, ಅಲ್ಲಿಂದ ಊರಿಗೆ ಬಂದವರು ಮನೆ ಕೆಲಸ, ಆಸ್ಪತ್ರೆ, ಮದುವೆ ತಿರುಗಾಟ ಅಂತ ಇರುವಾಗ ಸಣ್ಣದನ್ನು ಹಗಲು ಹೊತ್ತು ಇಲ್ಲಿ ಬಿಡ್ತಾರೆ, ಅವರಿಗೆ ದಿನದ ಲೆಕ್ಕ. ಹೀಗೆ ರಜೆಗೆ ಹೋದ ಮಗುವಿನ ಸೀಟಿನಲ್ಲಿ ಬೇರೆ ಮಗು ಕೂತ್ರೆ ನಾನು ಸೀಟ್ ಹಣ ತೆಗೆದುಕೊಳ್ಳುದಿಲ್ಲ, ಕೊಟ್ಟಿದ್ರೆ ಜೂನ್ ಫೀಸಿಗೆ ವಜಾ ಮಾಡ್ತೇನೆ. ಒಂದೇ ಸೀಟಿಗೆ ಎರಡು ಮನೆಯಿಂದ ದುಡ್ಡು ತೆಗೆದುಕೊಂಡ್ರೆ ಅದು ಯಾರಿಗೂ ಗೊತ್ತಾಗ್ಲಿಕ್ಕಿಲ್ಲ, ಆದ್ರೂ ಸರಿ ಅಲ್ಲ. ಹದಿನೈದು ದಿನ ಮುಂಚೆ ಹೇಳಿ ಅಂತ ಒತ್ತಾಯ ಮಾಡುದೂ ಇದಕ್ಕೇ, ಹೇಳಿದ್ರೆ ತಾನೇ ನಂಗೆ ಇನ್ನೊಂದು ಮಗುವನ್ನು ಹುಡುಕ್ಲಿಕ್ಕೆ ಆಗುದು.

ಕಳೆದ ಎಪ್ರಿಲಿನಲ್ಲಿ ಒಬ್ರು ಅಮ್ಮ, ಅವರ ಗಂಡ ಶಾರ್ಜಾದಲ್ಲಿ, 60 ದಿನದ ವಿಸಿಟ್ ವೀಸಾದಲ್ಲಿ ಮಗುವನ್ನು ಕರ್ಕೊಂಡು ಹೊರಟಿದ್ರು. "ಅಕ್ಕ, ಟಿಕೆಟಿಗೇ ಅಷ್ಟು ಆಯ್ತು, ಈಗ ಇದೂ ಬೇರೆ" ಅಂತ ಹೇಳಿದ್ರು, ಸ್ವರದಲ್ಲಿ ಬೇಜಾರು ಇತ್ತು. ನಾನು ಹಾಳೆ ತೆಗೆದು ತೋರಿಸಿದೆ, ಎರಡು ತಿಂಗಳಿಗೆ 7000 ಅಲ್ಲ, 2900, ಅದೂ ಒಟ್ಟಿಗೆ ಬೇಡ, ಒಂದು ಈಗ ಒಂದು ವಾಪಸ್ ಬಂದ ಮೇಲೆ ಜೀಪೇ ಮಾಡಿ ಅಂತ ಹೇಳಿದೆ. ಮೇ ತಿಂಗಳಲ್ಲಿ ಆ ಸೀಟಿಗೆ ಎರಡನೇ ಕ್ಲಾಸಿನ ಒಬ್ಬ ಹುಡುಗ ಸಿಕ್ಕಿದ, ಅಲ್ಲಿಗೇ ಮೆಸೇಜ್ ಹಾಕಿದೆ, ಎರಡನೇ ಕಂತು ಬೇಡ ಅಂತ. ಜೂನಿನಲ್ಲಿ ಮಗು ಬಂದಾಗ ನಮ್ಮನ್ನೆಲ್ಲ ಮರೆತ ಹಾಗೆ ಬಾಗಿಲಲ್ಲೇ ನಿಂತು ಅತ್ತಿತು, ಅದು ಬೇರೆ ವಿಷಯ, ಉದ್ದ ರಜೆಯ ನಂತರ ಮೊದಲ ಎರಡು ಮೂರು ದಿನ ಅರ್ಧ ದಿನ ಮಾತ್ರ ಬಿಡಿ ಅಂತ ನಾನು ಎಲ್ಲರಿಗೂ ಹೇಳುದು.

ಕಾಯಿಲೆ ರಜೆ ಮಾತ್ರ ನಾನು ಬೇರೆಯೇ ಇಟ್ಟಿದ್ದೇನೆ. ಕೈ ಕಾಲು ಬಾಯಿಯಲ್ಲಿ ಗುಳ್ಳೆ ಏಳ್ತದಲ್ಲ, ಇಲ್ಲಿ ತಕ್ಕಾಳಿ ಪನಿ, ಅಂದ್ರೆ ಟೊಮೆಟೊ ಜ್ವರ ಅಂತ ಹೇಳ್ತಾರೆ, 2022ರಲ್ಲಿ ಕೇರಳದಲ್ಲಿ ದೊಡ್ಡ ಸುದ್ದಿ ಆಗಿತ್ತು, ಅದು ಒಂದು ಮಗುವಿಗೆ ಬಂದ್ರೆ ಆಟದ ಸಾಮಾನು, ಲೋಟ, ಟವೆಲ್ ಎಲ್ಲದರಿಂದ ಉಳಿದವರಿಗೂ ಹತ್ತುತ್ತದೆ. ಫೀಸ್ ಹೇಗೂ ಕೊಟ್ಟಾಗಿದೆ, ಜ್ವರ ಬಿಟ್ಟಿದೆ, ಕಳಿಸುವಾ ಅಂತ ಯಾರಿಗಾದ್ರೂ ಅನಿಸಿದ್ರೆ ಅವರನ್ನು ಬೈದು ಪ್ರಯೋಜನ ಇಲ್ಲ. ಹಾಗಾಗಿ ಹರಡುವ ಕಾಯಿಲೆಗೆ ಡಾಕ್ಟರ್ ಚೀಟಿ ತೋರಿಸಿದ್ರೆ ಎಷ್ಟೇ ದಿನ ಆಗ್ಲಿ, ಮೊದಲ ದಿನದಿಂದಲೇ ಊಟದ ದುಡ್ಡು ವಜಾ, ಅದರ ಮೇಲೆ ಆ ದಿನಗಳ 2900ರ ಪಾಲಿನಲ್ಲೂ ಅರ್ಧ ಬಿಡ್ತೇನೆ. ಇದರಿಂದ ನಂಗೆ ಹೋಗುದು ಸ್ವಲ್ಪವೇ, ಗುಳ್ಳೆ ಒಣಗುವವರೆಗೆ ಮಗು ಮನೆಯಲ್ಲಿ ಉಳಿಯುದು ಅದಕ್ಕಿಂತ ದೊಡ್ಡದು.

ಮಳೆ ರಜೆಗೆ ಕಡಿತ ಇಲ್ಲ. ಕಲೆಕ್ಟರ್ ಅಂಗನವಾಡಿ ಸೇರಿ ಎಲ್ಲದಕ್ಕೂ ರಜೆ ಅಂತ ಹೇಳಿದ ದಿನ ನಾವೂ ಮುಚ್ಚುತ್ತೇವೆ, ಆಫೀಸಿಗೆ ಹೋಗುವ ಅಮ್ಮಂದಿರಿಗೆ ತೊಂದರೆ ಅಂತ ಗೊತ್ತುಂಟು, ಆದ್ರೆ ರೆಡ್ ಅಲರ್ಟ್ ದಿನ ಅಷ್ಟು ಸಣ್ಣ ಮಕ್ಕಳನ್ನು ರಸ್ತೆಗೆ ತರುದು ಬೇಡ. ಆಯಮ್ಮನಿಗೆ ಆ ದಿನದ ಸಂಬಳ ಕೊಟ್ಟೇ ಕೊಡ್ತೇನೆ. ವ್ಯಾನಿನ ಲೆಕ್ಕ ನನ್ನದಲ್ಲ, ಡ್ರೈವರ್ ಅಣ್ಣನ ಹತ್ರ ಮನೆಯವರೇ ಮಾತಾಡಿಕೊಳ್ತಾರೆ.

ರಶೀದಿಯನ್ನು ಬಿಡಿಸಿ ಬರೆದ್ರೆ ಮನೆಯವರಿಗೆ ಇನ್ನೊಂದು ಉಪಕಾರವೂ ಉಂಟು. ಹಳೆ ಪದ್ಧತಿಯಲ್ಲಿ ಇನ್‌ಕಮ್ ಟ್ಯಾಕ್ಸ್ ಕಟ್ಟುವವರಿಗೆ ಇಬ್ಬರು ಮಕ್ಕಳ ಟ್ಯೂಷನ್ ಫೀಸ್ ಆದಾಯದಿಂದ ಕಳೆಯುವ ರಿಯಾಯಿತಿಯಲ್ಲಿ, ಅಂದ್ರೆ 80ಸಿ ಅಂತ ಹೇಳಿಕೊಂಡು ಬಂದದ್ದರಲ್ಲಿ, ಸೇರ್ತದೆ, ಪ್ಲೇ ಸ್ಕೂಲಿನದ್ದೂ ಸೇರ್ತದೆ, ಒಟ್ಟು ಮಿತಿ ಒಂದೂವರೆ ಲಕ್ಷ, ಆದ್ರೆ ಊಟದ್ದು ವ್ಯಾನಿದ್ದು ಅದರಲ್ಲಿ ಬರುದಿಲ್ಲ. ಹಾಗಾಗಿ ನಾನು ಪ್ಲೇ ಸ್ಕೂಲಿನ ಫೀಸ್ ಒಂದು ಸಾಲು, ಡೇ ಕೇರಿನದ್ದು ಒಂದು ಸಾಲು, ಊಟ ಒಂದು ಸಾಲು, ರಜೆ ತಿಂಗಳಿನ ಸೀಟ್ ಹಣ ಬೇರೆ ಸಾಲು ಅಂತ ಬರೆದು ಸೀಲ್ ಹಾಕಿ ಕೊಡ್ತೇನೆ. ಎಲ್ಲ ಸೇರಿಸಿ ಒಂದೇ ಮೊತ್ತ ಬರೆದು ಕೊಡಿ ಅಂತ ಕೇಳುವವರಿದ್ದಾರೆ, ಅದಕ್ಕೆ ನಾನು ಒಪ್ಪುದಿಲ್ಲ.

ನೀವು ಬೇರೆ ಎಲ್ಲಾದ್ರೂ ಮಗುವನ್ನು ಸೇರಿಸುದಾದ್ರೆ ಅಡ್ಮಿಶನ್ ದಿನವೇ ಕೇಳಿ, ಒಂದು ತಿಂಗಳು ಬಾರದಿದ್ರೆ ಎಷ್ಟು, ಎಷ್ಟು ದಿನ ಮುಂಚೆ ಹೇಳ್ಬೇಕು, ಸೀಟಿಗೆ ಬೇರೆ ಮಗು ಬಂದ್ರೆ ಎಂತ ಮಾಡ್ತೀರಿ ಅಂತ. ಬಾಯಿಮಾತಿನಲ್ಲಿ "ನೋಡುವಾ, ಅಡ್ಜಸ್ಟ್ ಮಾಡುವಾ" ಅಂದ್ರೆ ಒಂದು ಮೆಸೇಜ್ ಆಗಿ ಹಾಕ್ಲಿಕ್ಕೆ ಹೇಳಿ. ನಡೆಸುವವರು ನನ್ನ ಹಾಗೆ ಸಣ್ಣ ಮಟ್ಟದಲ್ಲಿ ಇದ್ರೆ ಫೀಸಿನಲ್ಲಿ ಊಟದ್ದೆಷ್ಟು ಉಳಿದದ್ದೆಷ್ಟು ಅಂತಲೂ ಕೇಳಿ, ಹೆಚ್ಚಿನವರು ಹೇಳ್ತಾರೆ, ಮತ್ತೆ ರಜೆ ಬರುವಾಗ ಆ ಊಟದ ದುಡ್ಡಿನಿಂದಲೇ ಮಾತು ಶುರು ಮಾಡಿ.